ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ

ಫೋನ್ ಇರುವಾಗ ಜೇಬಿಗೆ ಇನ್ನೊಂದು ಕ್ಯಾಮೆರಾ ಯಾಕೆ? ನಿಜವಾದ ಝೂಮ್ ಬೇಕು, ಒಳ್ಳೆಯ ಫ್ಲ್ಯಾಶ್ ಬೇಕು, ಫೋಟೊ ತೆಗೆಯುವಾಗ ಮೆಸೇಜ್‌ಗಳ ಕಾಟ ಬೇಡ. ಇವೆಲ್ಲ ಒಳ್ಳೆಯ ಕಾರಣಗಳೇ. ಆದರೆ ದಿನಬಳಕೆಯ ಕ್ಯಾಮೆರಾವನ್ನು ನಾವು ದಿನಾ ಓಡಾಡುವ ಬೆಳಕಿನಲ್ಲೇ ಪರೀಕ್ಷಿಸಬೇಕು. ಅಂಗಡಿಯ ಝಗಮಗ ದೀಪದ ಕೆಳಗೆ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ಕಾಣುತ್ತವೆ.

ಮೊದಲು ಸೆನ್ಸರ್ ನೋಡಿ

ಡಬ್ಬದ ಮೇಲಿನ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. 12x8 ಇಂಚಿನ ಒಳ್ಳೆಯ ಪ್ರಿಂಟ್‌ಗೆ 9 ಮೆಗಾಪಿಕ್ಸೆಲ್ ಸಾಕು. ನೋಡಬೇಕಾದ್ದು ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್‌ನ ಗಾತ್ರ. ಸಾಮಾನ್ಯ ಪುಟ್ಟ ಕ್ಯಾಮೆರಾಗಳಲ್ಲಿ 1/2.3 ಇಂಚಿನ ಸೆನ್ಸರ್ ಇರುತ್ತದೆ. ಅಗಲ ಸುಮಾರು 6.2 ಮಿ.ಮೀ., ಅಷ್ಟೇ. ಸೋನಿ 2012ರಲ್ಲಿ ತಂದ ಆರ್‌ಎಕ್ಸ್100ರಲ್ಲಿ ಇರುವುದು 'ಒಂದು ಇಂಚು' ಎಂದು ಕರೆಯುವ ಸೆನ್ಸರ್. ಅದರ ಅಳತೆ 13.2x8.8 ಮಿ.ಮೀ. ಅಂದರೆ ವಿಸ್ತೀರ್ಣ ನಾಲ್ಕು ಪಟ್ಟು ಜಾಸ್ತಿ, ಹಿಡಿಯುವ ಬೆಳಕೂ ಜಾಸ್ತಿ. ಕ್ಯಾಮೆರಾ ಮಾತ್ರ ಜೇಬಿನಲ್ಲೇ ಹಿಡಿಯುತ್ತದೆ. ರಾತ್ರಿ ಫೋಟೊ ತೆಗೆಯುವ ಆಸೆ ಇದ್ದರೆ ಈ ಗಾತ್ರಕ್ಕಿಂತ ಕಡಿಮೆಗೆ ಒಪ್ಪಬೇಡಿ ಎಂಬುದು ನನ್ನ ಸಲಹೆ.

ಲೆನ್ಸ್‌ನ ಎರಡೂ ತುದಿ ಓದಿ

ಲೆನ್ಸ್ ಸುತ್ತ 1.8-4.9 ಎಂಬಂಥ ಅಂಕಿ ಬರೆದಿರುತ್ತದೆ. ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ. ಝೂಮ್ ಮಾಡದಿದ್ದಾಗ ಮೊದಲ ಅಂಕಿ, ಪೂರ್ತಿ ಝೂಮ್ ಮಾಡಿದಾಗ ಎರಡನೆಯದು. 1.8ರಿಂದ 4.9ಕ್ಕೆ ಹೋದರೆ ಸೆನ್ಸರ್‌ಗೆ ಬೀಳುವ ಬೆಳಕು ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಭಾಂಗಣದ ಹಿಂದಿನ ಸಾಲಿನಿಂದ ಝೂಮ್ ಮಾಡಿದ ಫೋಟೊ ಮಸುಕಾಗುವುದು ಇದಕ್ಕೇ. ಡಿಜಿಟಲ್ ಝೂಮ್ ಲೆಕ್ಕಕ್ಕೇ ಬೇಡ. ಅದು ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ.

ವೇಗ ಪರೀಕ್ಷಿಸಿ

ಕ್ಯಾಮೆರಾ ಆಫ್ ಮಾಡಿ ಜೇಬಿಗೆ ಹಾಕಿ. ತೆಗೆದು, ಆನ್ ಮಾಡಿ, ಎದುರು ನಡೆದು ಬರುವವರ ಫೋಟೊ ತೆಗೆಯಿರಿ. ಅವರು ಚೌಕಟ್ಟಿನೊಳಗೆ ಸಿಕ್ಕರಾ? ಸಿಗದಿದ್ದರೆ ಬಟನ್ ಅರ್ಧ ಒತ್ತಿ ಫೋಕಸ್ ಹಿಡಿದುಕೊಂಡು, ಆಮೇಲೆ ಪೂರ್ತಿ ಒತ್ತಿ. ಹಾಗೆ ಮಾಡಿದರೂ ತಡವಾದರೆ ಆ ಕ್ಯಾಮೆರಾ ಮಕ್ಕಳಿರುವ ಮನೆಗೆ ಆಗುವುದಿಲ್ಲ.

ಮನೆಯ ಬೆಳಕಿನಲ್ಲಿ ತೆಗೆದು ನೋಡಿ

ಇದೇ ಮುಖ್ಯ ಪರೀಕ್ಷೆ. ಸಂಜೆ ದೀಪ ಹಾಕಿ, ಫ್ಲ್ಯಾಶ್ ಆಫ್ ಮಾಡಿ. ಒಬ್ಬರನ್ನು ಕೂರಿಸಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬ ಸೆಟ್ಟಿಂಗ್) 100, 400, 1600ರಲ್ಲಿ ಒಂದೊಂದು ಫೋಟೊ ತೆಗೆಯಿರಿ. ಕ್ಯಾಮೆರಾದ ಸ್ಕ್ರೀನ್‌ನಲ್ಲಿ ನೋಡಿ ತೀರ್ಮಾನಿಸಬೇಡಿ. ಅಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ಕಂಪ್ಯೂಟರ್‌ಗೆ ಹಾಕಿ, ಪೂರ್ತಿ ದೊಡ್ಡದು ಮಾಡಿ ಕಣ್ಣು, ಕೂದಲು ನೋಡಿ. ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿದ್ದರೆ ಸ್ವಲ್ಪ ಸಹಿಸಬಹುದು. ಕೂದಲೇ ಒಂದು ಮುದ್ದೆಯಾಗಿದ್ದರೆ ಕ್ಯಾಮೆರಾ ವಿವರಗಳನ್ನು ಅಳಿಸಿ ಹಾಕಿದೆ ಎಂದರ್ಥ. ನನಗೆ ಕಾಳುಕಾಳು ಇದ್ದರೂ ಸರಿ, ಮುಖದ ವಿವರ ಉಳಿಯಬೇಕು. ಅದೇ ಜಾಗದಲ್ಲಿ ನಿಮ್ಮ ಫೋನ್‌ನಲ್ಲೂ ಒಂದು ತೆಗೆಯಿರಿ. ಫೋನ್ ಹಲವು ಫ್ರೇಮ್‌ಗಳನ್ನು ಬೆರೆಸಿ ಒಂದು ಚಿತ್ರ ಮಾಡುತ್ತದೆ. ಹಾಗಾಗಿ ಸಣ್ಣ ಸೆನ್ಸರ್‌ನ ಕ್ಯಾಮೆರಾ ಇಲ್ಲಿ ಅದಕ್ಕೆ ಸೋಲುವುದೇ ಜಾಸ್ತಿ.

ಹಗಲಲ್ಲಿ ಒಂದು ದಿನಪತ್ರಿಕೆಯ ಹಾಳೆಯನ್ನು ಗೋಡೆಗೆ ಅಂಟಿಸಿ, ನೇರವಾಗಿ ನಿಂತು ತೆಗೆಯಿರಿ. ಮೂಲೆಯ ಅಕ್ಷರಗಳು ಓದಲು ಬಂದರೆ ಲೆನ್ಸ್ ಚೆನ್ನಾಗಿದೆ. ಒಂದೇ ಮೂಲೆ ಮಸುಕಾಗಿದ್ದರೆ ಲೆನ್ಸ್ ಓರೆಯಾಗಿರಬಹುದು. ಹಾಗೆಯೇ ಬಿಸಿಲಿಗೆ ಹೋಗಿ ಸ್ಕ್ರೀನ್ ಕಾಣುತ್ತದಾ ನೋಡಿ.

ಹಳೆಯದು ಕೊಳ್ಳುವವರಿಗೆ

ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಾಗ ಕರಕರ ಸದ್ದು ಬಂದರೆ ಮರಳು ಸೇರಿರಬಹುದು. ಅಂಥದ್ದು ಬೇಡವೇ ಬೇಡ. ಬಿಳಿ ಗೋಡೆಯ ಫೋಟೊ ತೆಗೆದು ಝೂಮ್ ಮಾಡಿ ನೋಡಿ. ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಒಳಗೆ ದೂಳು ಕೂತಿದೆ. ಆ ಮಾದರಿಗೆ ಬ್ಯಾಟರಿ ಇನ್ನೂ ಸಿಗುತ್ತದಾ ಎಂದು ದುಡ್ಡು ಕೊಡುವ ಮೊದಲೇ ವಿಚಾರಿಸಿ. ಮೆಮೊರಿ ಕಾರ್ಡ್ ವಿಷಯವೂ ಅಷ್ಟೇ ಮುಖ್ಯ. ಎಸ್‌ಡಿಎಚ್‌ಸಿ ಎಂಬ, 2 ಜಿಬಿಗಿಂತ ಹೆಚ್ಚು ಹಿಡಿಯುವ ಕಾರ್ಡ್ ಬಂದದ್ದು 2006ರಲ್ಲಿ. ಅದಕ್ಕೂ ಹಿಂದಿನ ಎಸ್‌ಡಿ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ 2 ಜಿಬಿವರೆಗಿನ ಕಾರ್ಡೇ ಬೇಕು. ಈಗಿನ 64 ಜಿಬಿ ಕಾರ್ಡ್ ಹಾಕಿದರೆ ಅವು ಗುರುತಿಸುವುದೇ ಇಲ್ಲ.