ಹಳೇಬೀಡಿನ ಒಂದು ಪುಟವನ್ನು ಮೂರು ಸಲ ಮಾಡಿದ ಬಗೆ

ಚಿಕ್ಕಮಗಳೂರಿನಿಂದ ಬೇಲೂರು ಮಾರ್ಗವಾಗಿ ಹಳೇಬೀಡಿಗೆ ಹೋಗಿ ಬಂದ ದಿನ ನನ್ನ ಮೊಬೈಲಿನಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೊಗಳಿದ್ದವು. ಅವುಗಳಲ್ಲಿ ಹದಿನಾಲ್ಕನ್ನು ಆರಿಸಿ, ಫೋಟೊ, ಟಿಕೆಟುಗಳಂಥ ನೆನಪುಗಳನ್ನು ಅಂಟಿಸಿಡುವ ಸ್ಕ್ರ್ಯಾಪ್‌ಬುಕ್ಕಿನ 12 ಅಂಗುಲ ಚದರದ ಹಾಳೆಯೊಂದರ ಮೇಲೆ ಒತ್ತೊತ್ತಾಗಿ ಅಂಟಿಸಿದೆ. ಅದನ್ನು ನೋಡಿದ ಅಕ್ಕ, "ಎಲ್ಲಾ ಇದೆ, ದೇವಸ್ಥಾನ ಎಲ್ಲಿ?" ಎಂದು ಕೇಳಿದಳು. ಎರಡನೆಯ ಸಲ ಫೋಟೊಗಳನ್ನು ನಾಲ್ಕಕ್ಕೆ ಇಳಿಸಿ, ಉಳಿದ ಜಾಗವನ್ನು ಹೊಳೆಯುವ ಕಾಗದ ಮತ್ತು ಸ್ಟಿಕ್ಕರ್‌ಗಳಿಂದ ತುಂಬಿದೆ. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು.

ಮೂರನೆಯ ಸಲ ಪುಟದ ವಿನ್ಯಾಸವನ್ನು ದೇವಾಲಯದ ಗೋಡೆಯಿಂದಲೇ ತೆಗೆದುಕೊಂಡೆ. 1121ರ ಸುಮಾರಿಗೆ ಕಟ್ಟಲು ಆರಂಭಿಸಿದ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆಗಳು, ಇನ್ನೂ ಮೇಲೆ ಪುರಾಣದ ಕಥೆಗಳು, ಹೀಗೆ ಪಟ್ಟಿಗಳು ಒಂದರ ಮೇಲೊಂದು ಏರುತ್ತವೆ. ನಾನು ಆನೆಗಳ ಮತ್ತು ಕುದುರೆಗಳ ಒಂದೊಂದು ಫೋಟೊವನ್ನು ಹಾಳೆಯಷ್ಟೇ ಅಗಲದ, ಸುಮಾರು ಒಂದೂವರೆ ಅಂಗುಲ ಎತ್ತರದ ಪಟ್ಟಿಗಳಾಗಿ ಕತ್ತರಿಸಿ ಕೆಳಗಿಟ್ಟೆ. ಮೇಲೆ ಇಡೀ ದೇವಾಲಯ ಕಾಣುವ ಒಂದೇ ಒಂದು ಫೋಟೊ ಇಟ್ಟು, ಅದರ ಬಲಕ್ಕೆ ಬರೆಯಲು ಜಾಗ ಬಿಟ್ಟೆ. ಭಾರವಾದದ್ದು ಕೆಳಗೆ ಬಂದಾಗ ಪುಟ ತಾನಾಗಿಯೇ ನಿಂತಿತು.

ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕೆಗಳ ಲೆಕ್ಕ ಹಿಡಿದರೆ 12 ಅಂಗುಲದ ಪಟ್ಟಿಗೆ 3600 ಪಿಕ್ಸೆಲ್ (ಫೋಟೊದ ಚುಕ್ಕೆ) ಅಗಲ ಬೇಕು. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊದ ಅಗಲ ಸುಮಾರು 4000 ಪಿಕ್ಸೆಲ್ ಇರುವುದರಿಂದ ಅದು ಸಾಲುತ್ತದೆ, ಆದರೆ ಅಕ್ಕಪಕ್ಕ ಹೆಚ್ಚು ಕತ್ತರಿಸುವಂತಿಲ್ಲ. ಇನ್ನೊಂದು ತೊಡಕು, ಮೊಬೈಲಿನ ಫೋಟೊದ ಅಗಲ-ಎತ್ತರದ ಅನುಪಾತ 4:3, 4×6 ಅಂಗುಲದ ಮುದ್ರಣದ್ದು 3:2, ಹಾಗಾಗಿ ಮೇಲೆ ಕೆಳಗೆ ಒಂದಿಷ್ಟು ಕತ್ತರಿಸಿಹೋಗುತ್ತದೆ. ಇದನ್ನು ಗಮನಿಸದೆ ಕೊಟ್ಟಿದ್ದರಿಂದ ಮೊದಲ ಮುದ್ರಣದಲ್ಲಿ ಆನೆಗಳ ಕಾಲುಗಳೇ ಮಾಯವಾಗಿದ್ದವು. ಈಗ ಮನೆಯಲ್ಲೇ ಅಳತೆಗೆ ಕತ್ತರಿಸಿ ಸ್ಟುಡಿಯೊಗೆ ಕೊಡುತ್ತೇನೆ, ಮ್ಯಾಟ್ ಕಾಗದವನ್ನೇ ಕೇಳುತ್ತೇನೆ. ಹೊಳಪಿನ ಕಾಗದದಲ್ಲಿ ಕೆತ್ತನೆಗಿಂತ ಟ್ಯೂಬ್‌ಲೈಟಿನ ಬಿಂಬವೇ ಎದ್ದು ಕಾಣುತ್ತದೆ. ಹಿನ್ನೆಲೆಗೆ ಕೆಂಪು ಹಾಳೆ ಇಟ್ಟಾಗ ಫೋಟೊದಲ್ಲಿನ ದೇವಾಲಯದ ಬಳಪದ ಕಲ್ಲು ಕಳೆಗುಂದಿತು. ಅದೇ ಕಲ್ಲಿನ ಹಸಿರು ಬೆರೆತ ಬೂದುಬಣ್ಣವನ್ನು ಇನ್ನಷ್ಟು ತಿಳಿಯಾಗಿ ಆರಿಸಿದ ಮೇಲೆ ಕೆತ್ತನೆಯ ನೆರಳುಗಳು ಎದ್ದು ಬಂದವು.

ನಮ್ಮ ಊರಿನ ಮಳೆಗಾಲ ಕಾಗದಕ್ಕೆ ಒಳ್ಳೆಯದಲ್ಲ. ನೀರಿನಂಶವಿರುವ ಗೋಂದಿನಿಂದ ಹಾಳೆ ಸುಕ್ಕುಗಟ್ಟುತ್ತದೆ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಫೋಟೊದ ಮೂಲೆಗಳನ್ನಷ್ಟೇ ಹಿಡಿದಿಡುವ ಫೋಟೊ ಕಾರ್ನರ್ ಅಥವಾ ಆಮ್ಲರಹಿತ ಡಬಲ್ ಸೈಡ್ ಟೇಪನ್ನೇ ಬಳಸುತ್ತೇನೆ. ಅಗ್ಗದ ಚಾರ್ಟ್ ಹಾಳೆ ಕೆಲವು ವರ್ಷಗಳಲ್ಲಿ ಹಳದಿಯಾಗುತ್ತದೆ, ಪಿವಿಸಿ ಪ್ಲಾಸ್ಟಿಕ್ಕಿನ ಹೊದಿಕೆ ಫೋಟೊಗೆ ಅಂಟಿಕೊಳ್ಳುತ್ತದೆ. ಯಂತ್ರದಿಂದ ಬರುವ ಬಸ್ ಟಿಕೆಟಿನ ಅಕ್ಷರಗಳು ಮಾಸಿಹೋಗುವುದರಿಂದ ಅದರ ಜೆರಾಕ್ಸ್ ಪ್ರತಿಯನ್ನು ಅಂಟಿಸುತ್ತೇನೆ. ದಾರಿಯ ತೋಟದಿಂದ ತಂದ ಕಾಫಿ ಹೂವನ್ನು ಮೋಹದಿಂದ ಪುಟದೊಳಗೆ ಒತ್ತಿಟ್ಟಿದ್ದೆ. ಅದು ಕಂದಾಗಿ, ಎದುರಿನ ಪುಟಕ್ಕೂ ಕಲೆ ಹಚ್ಚಿತು.

ಬರವಣಿಗೆಗೆ ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಪೆನ್ನು ಬೇಕು. ದೇವಾಲಯದ ಇತಿಹಾಸವನ್ನು ಯಾವ ಪುಸ್ತಕದಲ್ಲಾದರೂ ಓದಬಹುದಾದ್ದರಿಂದ, ಫೋಟೊದಲ್ಲಿ ಕಾಣದ ಸಂಗತಿಯನ್ನಷ್ಟೇ ಬರೆಯುತ್ತೇನೆ. ಬಲಗಡೆ ಬಿಟ್ಟಿದ್ದ ಜಾಗದಲ್ಲಿ, "ಅಪ್ಪ ಆನೆಗಳನ್ನು ಎಣಿಸುತ್ತಾ ಹೋಗಿ ಅರವತ್ತೆಂಟಕ್ಕೆ ನಿಲ್ಲಿಸಿದರು" ಎಂದು ಬರೆದೆ. ಪುಟ ನೋಡಿದ ಅಪ್ಪ ಕನ್ನಡಕ ಸರಿಮಾಡಿಕೊಂಡು, "ಅರವತ್ತೆಂಟಲ್ಲ, ಎಪ್ಪತ್ತೆರಡು" ಎಂದರು. ಶಾಯಿ ಅಳಿಸುವಂಥದ್ದಲ್ಲ. ಹಳೆಯ ಸಂಖ್ಯೆಯ ಮೇಲೊಂದು ಗೆರೆ ಎಳೆದು, ಹೊಸದನ್ನು ಅವರ ಕೈಯಿಂದಲೇ ಬರೆಸಿದ್ದೇನೆ.