ತೊಟ್ಟಿಲ ದಿನ

ನಾಗರ ಅಮಾವಾಸ್ಯೆಯ ಮರುದಿನದಿಂದ ನಮ್ಮ ಗದಗ, ಹಾವೇರಿ ಕಡೆಯ ಊರುಗಳಲ್ಲಿ ಪುರಾಣ, ಅಂದರೆ ಶರಣರ ಕಥೆ ಹೇಳುವುದು, ಶುರುವಾಗುತ್ತದೆ. ಶ್ರಾವಣ ಪೂರ್ತಿ, ದಿನಾ ರಾತ್ರಿ ಎಂಟಕ್ಕೆ. ಮಠದ ಕಟ್ಟೆಯ ಮೇಲೆ ಪ್ರವಚನ ಹೇಳುವವರು ಒಬ್ಬರು, ಜೊತೆಗೆ ಪದ್ಯ ಹಾಡುವ ಒಬ್ಬ ಗವಾಯಿ, ಒಬ್ಬ ತಬಲಾ ಸಾಥಿ. ನಾನು ಆ ಕಟ್ಟೆಯ ಮೇಲೆ ಕೂರಲು ಶುರು ಮಾಡಿ 18 ವರ್ಷವಾಯಿತು. ಹೊಸದಾಗಿ ಪ್ರವಚನಕ್ಕೆ ಬರುವ ಹುಡುಗರು "ಹೆಂಗ್ ತಯಾರಿ ಮಾಡ್ಕೋತೀರಿ ಶಾಸ್ತ್ರಿಗಳ?" ಅಂತ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಪುಸ್ತಕದ ಕೆಲಸ ಒಂದು ತಿಂಗಳು ಮೊದಲೇ ಆಗಬೇಕು. ನಾನು ಹೇಳುವ ಪುರಾಣಗಳ ಪದ್ಯ ಹೆಚ್ಚಾಗಿ ಭಾಮಿನಿ ಷಟ್ಪದಿಯಲ್ಲಿವೆ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲಿಗೆ 23. ಆ ಲೆಕ್ಕ ಕೂಡಿಸಲು ಕವಿ ಎಷ್ಟೋ ಕಡೆ ಶಬ್ದವನ್ನೇ ಮುರಿದು ಮುಂದಿನ ಸಾಲಿಗೆ ಹಾಕಿರುತ್ತಾನೆ. ಸುಮ್ನೆ ಕಣ್ಣಾಡಿಸಿದರೆ ಅರ್ಥ ತಪ್ಪುತ್ತದೆ. ಅದಕ್ಕೆ ಪ್ರತಿ ಪದ್ಯವನ್ನೂ ಗಟ್ಟಿಯಾಗಿ ಓದಿ, ಪದ ಬಿಡಿಸಿ, ಪೆನ್ಸಿಲ್ಲಿನಿಂದ ಗೆರೆ ಹಾಕಿಡುತ್ತೇನೆ. ಒಂದು ರಾತ್ರಿಗೆ ನಾಲ್ಕೇ ಪದ್ಯ. ಜಾಸ್ತಿ ಬೇಡ.

ನನ್ನ ಜೊತೆ ಬರುವ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಕಣ್ಣು ಕಾಣುವುದಿಲ್ಲ. ಸಂಜೆ ಐದಕ್ಕೆ ನಾನು ಪದ್ಯ ಓದಿ ಹೇಳುತ್ತೇನೆ, ಅವರು ಎರಡು ಸಲ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಒಮ್ಮೆ ಒಂದು ದುಃಖದ ಪದ್ಯ ಓದಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಸ್ತ್ರಿಗಳ, ಇದಕ್ಕ ಭೈರವಿ ರಾಗ ಬ್ಯಾಡ. ಮಂದಿ ಮೊದ್ಲ ದಣದಾರ. ದುರ್ಗಾದಾಗ ಎತ್ತೂಣು" ಅಂದರು. ಕೆಳಗೆ ಕೂತವರ ಮುಖ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ನನಗೆ ಅದು ಗೊತ್ತಾಗಲು ಮೂರು ವರ್ಷ ಹಿಡಿಯಿತು. ರೋಣ ತಾಲೂಕಿನ ಒಂದು ಊರು, ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕಾಲ. ಬಸವಣ್ಣನವರ ಪುರಾಣ. ಕೂಡಲಸಂಗಮಕ್ಕೆ ಹೋದ ಬಸವಣ್ಣ, ಹೆಂಡತಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಲ್ಯಾಣಕ್ಕೆ ಕಳಿಸಿದ, ಅಲ್ಲಿಗೆ ನಿಲ್ಲಿಸಿದ್ದೆ. ಮರುದಿನ ಕಥೆ ಬಿಟ್ಟು ಷಟ್‌ಸ್ಥಲ, ಅಂದರೆ ಭಕ್ತ ಶಿವನಲ್ಲಿ ಒಂದಾಗುವ ಆರು ಮೆಟ್ಟಿಲು, ಹಿಡಿದೆ. ಭಕ್ತ, ಮಹೇಶ, ಪ್ರಸಾದಿ ಅಂತ ಎರಡು ರಾತ್ರಿ ಅದನ್ನೇ ಹೇಳಿದೆ. ಅರ್ಧ ಮಂದಿ ಎದ್ದು ಹೋದರು. ಬೆಳಿಗ್ಗೆ ಹೊಲದ ದಾರಿಯಲ್ಲಿ ಒಬ್ಬ ಅಜ್ಜಿ ನಿಲ್ಲಿಸಿ ಕೇಳಿದಳು: "ಯಪ್ಪಾ, ಅಪ್ಪಣ್ಣ ಕರ್ಯಾಕ ಹೋಗಿದ್ನಲ್ಲ, ನೀಲಮ್ಮ ಬಂದ್ಲೋ ಇಲ್ಲೋ? ಎರಡ್ ದಿನ ಆತು, ಹೆಸರು ಬಿಡಸ್ಕೋತ ಅದನ್ನ ವಿಚಾರ ಮಾಡಾಕತ್ತೇನಿ."

ಆವತ್ತು ರಾತ್ರಿ ಅಲ್ಲಿಂದಲೇ ಎತ್ತಿದೆ. ನೀಲಮ್ಮ ಹೊರಟದ್ದು, ಕೃಷ್ಣೆಯ ದಡದ ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಸಿಕ್ಕಿದ್ದು, ಅವಳೂ ಅಲ್ಲೇ ಐಕ್ಯಳಾದದ್ದು. ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಅಂದಿನಿಂದ ಮೊದಲ ಹತ್ತು ನಿಮಿಷ ನಿನ್ನೆಯ ಕಥೆಗೇ ಮೀಸಲು.

ಮಧ್ಯಾಹ್ನ ದಿನಕ್ಕೊಂದು ಮನೆಯಲ್ಲಿ ಪ್ರಸಾದ. ಊಟ ಮುಗಿಸಿ ಮಲಗಲು ಓಡಬೇಡಿ. ಪಡಸಾಲೆಯಲ್ಲಿ ಅರ್ಧ ತಾಸು ಕೂತರೆ ಊರು ತಾನಾಗಿಯೇ ಮಾತಾಡುತ್ತದೆ.

ಹಾನಗಲ್ಲ ತಾಲೂಕಿನ ಊರೊಂದರಲ್ಲಿ ಹೀಗೆ ಕೂತಿದ್ದೆ. ಗದಗಿನ ಪುಣ್ಯಾಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಕಾಡಶೆಟ್ಟಿಹಳ್ಳಿ ಅದೇ ತಾಲೂಕಿನದು. ಸ್ವರ ತಪ್ಪಿದರೆ ಅಲ್ಲಿ ರೈತರೂ ತಲೆ ಎತ್ತಿ ನೋಡುತ್ತಾರೆ. ಆವತ್ತು ಶರಣರು ಹುಟ್ಟುವ ಅಧ್ಯಾಯ. ಆ ರಾತ್ರಿ ಕಟ್ಟೆಯ ಮೇಲೆ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಗುಗ್ಗರಿ ಹಂಚುತ್ತಾರೆ. ತೊಟ್ಟಿಲಿಗೆ ಚೆಂಡುಹೂವು ಕಟ್ಟಾಗಿತ್ತು, ಗುಗ್ಗರಿ ಕುದಿಯುತ್ತಿತ್ತು. ಆ ಮನೆಯವ್ವ ತಾಟು ಎತ್ತುತ್ತಾ ಮೆಲ್ಲಗೆ ಹೇಳಿದಳು: ಮಠದ ಹಿಂದಿನ ಓಣಿಯಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಹುಡುಗಿಯ ಕೂಸು ಮೊನ್ನೆ ತೀರಿಕೊಂಡಿದೆ. ನಾಲ್ಕು ದಿನದ ಕೂಸು.

ರಾತ್ರಿ ನೂರು ಹೆಂಗಸರು ಜೋಗುಳ ಹಾಡುತ್ತಾರೆ. ಮೈಕಿನ ಹಾರ್ನಿನಲ್ಲಿ ಅದು ನೇರ ಆ ಹುಡುಗಿಯ ಮನೆಯೊಳಗೆ ಹೋಗುತ್ತದೆ, ಅಲ್ವಾ? ಕಮಿಟಿಯವರನ್ನು ಕರೆದು, ತೊಟ್ಟಿಲು ಐದು ದಿನ ಮುಂದಕ್ಕೆ ಹಾಕೋಣ ಅಂದೆ. "ಗುಗ್ಗರಿ ಆಗೇತ್ರೀ" ಅಂದರು ಹಿರಿಯರು. ಪ್ರಸಾದ ಅಂತ ಹಂಚಿರಿ ಅಂದೆ. ಕಾರಣ ಹೇಳಿದ ಮೇಲೆ ಯಾರೂ ಎದುರಾಡಲಿಲ್ಲ. ಆ ರಾತ್ರಿ ಕಥೆ ಬಿಟ್ಟು ಬರೀ ವಚನ ಹಾಡಿಸಿದೆವು. ಐದು ದಿನದ ಮೇಲೆ ತೊಟ್ಟಿಲು ಕಟ್ಟಿದಾಗಲೂ ಆ ಓಣಿಯ ಕಡೆಯ ಹಾರ್ನ್ ಬಂದ್ ಮಾಡಿಸಿದೆ.

ಪುರಾಣ ಮುಗಿಯುವ ಮಂಗಲದ ದಿನ ಹುಡುಗಿಯ ತಾಯಿ ಕಾಯಿ ತಂದಿಟ್ಟಳು. "ಹಾರ್ನ್ ಯಾಕ ಬಂದ್ ಇತ್ತಂತ ಆಕಿಗೆ ತಿಳೀತ್ರಿ" ಅಂದಳು. ಅಷ್ಟೇ ಹೇಳಿ ಹೋದಳು.

ಈಗ ಯಾವ ಊರಿಗೆ ಹೋದರೂ ಮೊದಲ ದಿನವೇ ಕೇಳುತ್ತೇನೆ. ಈ ವರ್ಷ ಯಾರ ಮನೆಯಲ್ಲಿ ಸಾವಾಗಿದೆ, ಯಾರು ದವಾಖಾನೆಯಲ್ಲಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ. ಪದ್ಯ ಬರೆದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದನ್ನು ಬರೆದುಕೊಳ್ಳುತ್ತೇನೆ. ಆಮೇಲೆಯೇ ತೊಟ್ಟಿಲ ದಿನ ಗೊತ್ತು ಮಾಡುವುದು.