ದತ್ತಾಂಶಕ್ಕೆ ತಕ್ಕ ನಕ್ಷೆಯನ್ನು ಆರಿಸಿ ರಚಿಸುವ ಕ್ರಮ

ನಕ್ಷೆ ಬರೆಯಲು ಕೂರುವ ಮೊದಲು ಕೈಯಲ್ಲಿರುವ ದತ್ತಾಂಶ ಯಾವ ಬಗೆಯದು ಎಂಬುದನ್ನು ನೋಡಿಕೊಳ್ಳಬೇಕು. ರಕ್ತದ ಗುಂಪು, ವಾಹನದ ಬಗೆ ಮುಂತಾದವು ಹೆಸರಿನಿಂದ ಬೇರೆ ಬೇರೆಯಾಗುವ ವಿಭಾಗಗಳು. ಎತ್ತರ, ತೂಕ, ಸಮಯ ಮುಂತಾದವು ನಡುವೆ ಎಲ್ಲಿಯೂ ಕಡಿಯದೆ ಸಾಗುವ ಅಳತೆಗಳು. ಈ ಭೇದವನ್ನು ಗಮನಿಸದೆ ಕಂಪ್ಯೂಟರ್ ಮುಂದಿಡುವ ಮೊದಲ ಚಿತ್ರವನ್ನೇ ಒಪ್ಪಿಕೊಂಡರೆ ಅಂದವಾದ ನಕ್ಷೆಯೂ ತಪ್ಪು ಹೇಳುತ್ತದೆ.

ವಿಭಾಗಗಳನ್ನು ಹೋಲಿಸಲು ಸ್ತಂಭಾಲೇಖ ಸಾಕು. ಸ್ತಂಭಗಳ ಅಗಲವೂ ಅವುಗಳ ನಡುವಿನ ಅಂತರವೂ ಒಂದೇ ಸಮನಾಗಿರಬೇಕು, ವ್ಯತ್ಯಾಸ ಎತ್ತರದಲ್ಲಿ ಮಾತ್ರ ಕಾಣಬೇಕು. ವಿಭಾಗಗಳಿಗೆ ತಮ್ಮದೇ ಆದ ಕ್ರಮವಿಲ್ಲದಿದ್ದರೆ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವುದು ಓದುಗರಿಗೆ ಅನುಕೂಲ. ಲಂಬ ಅಕ್ಷವನ್ನು ಸೊನ್ನೆಯಿಂದಲೇ ಆರಂಭಿಸಬೇಕೆಂಬ ನಿಯಮದಲ್ಲಿ ಮಾತ್ರ ರಿಯಾಯಿತಿ ಸಲ್ಲದು. 50 ಮತ್ತು 52 ಎಂಬ ಎರಡು ಸಂಖ್ಯೆಗಳನ್ನು ತೋರಿಸುವಾಗ ಅಕ್ಷವನ್ನು 48ರಿಂದ ಆರಂಭಿಸಿದರೆ ಎರಡನೆಯ ಸ್ತಂಭ ಮೊದಲನೆಯದರ ಇಮ್ಮಡಿ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿರುವ ನಿಜವಾದ ಹೆಚ್ಚಳ ಶೇಕಡಾ 4 ಮಾತ್ರ.

ಅಳತೆಗಳನ್ನು 0–10, 10–20 ಎಂಬಂಥ ವರ್ಗಾಂತರಗಳಾಗಿ ವಿಂಗಡಿಸಿದಾಗ ಹಿಸ್ಟೋಗ್ರಾಂ ಬೇಕಾಗುತ್ತದೆ. ನೋಟಕ್ಕೆ ಇದು ಸ್ತಂಭಾಲೇಖದ ಹಾಗೆಯೇ ಇದ್ದರೂ ಇಲ್ಲಿ ಆಯತಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಆವೃತ್ತಿಯನ್ನು, ಅಂದರೆ ಒಂದು ವರ್ಗದಲ್ಲಿ ಎಷ್ಟು ಅಳತೆಗಳಿವೆ ಎಂಬುದನ್ನು, ಸೂಚಿಸುವುದು ಎತ್ತರವಲ್ಲ, ವಿಸ್ತೀರ್ಣ. 50 ಅಂಕಗಳ ಪರೀಕ್ಷೆ ಬರೆದ 40 ವಿದ್ಯಾರ್ಥಿಗಳಲ್ಲಿ 0–10ರ ವರ್ಗದಲ್ಲಿ 4, 10–20ರಲ್ಲಿ 8, 20–30ರಲ್ಲಿ 14, 30–40ರಲ್ಲಿ 10, 40–50ರಲ್ಲಿ 4 ಮಂದಿ ಇದ್ದಾರೆಂದು ಇಟ್ಟುಕೊಳ್ಳೋಣ. ಕೊನೆಯ ಎರಡು ವರ್ಗಗಳನ್ನು ಕೂಡಿಸಿ 30–50 ಎಂದು ಮಾಡಿದರೆ ಅದರ ಆವೃತ್ತಿ 14 ಆಗುತ್ತದೆ. ಆದರೆ ಎತ್ತರವನ್ನೂ 14 ಎಂದೇ ಎಳೆದರೆ, 20–30ರ ವರ್ಗದಲ್ಲಿಯೂ ಅಷ್ಟೇ ಮಂದಿ ಇದ್ದರೂ, ಈ ಆಯತ ಅದರ ಎರಡರಷ್ಟು ಜಾಗವನ್ನು ಆಕ್ರಮಿಸುತ್ತದೆ. ಅಗಲ ಇಮ್ಮಡಿಯಾದುದರಿಂದ ಎತ್ತರವನ್ನು ಅರ್ಧಕ್ಕೆ, ಅಂದರೆ 7ಕ್ಕೆ ಇಳಿಸಬೇಕು. ಹಿಸ್ಟೋಗ್ರಾಂನಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ಸಮಾನ ವರ್ಗಾಂತರಗಳಿದ್ದಾಗ ಆಯತಗಳ ಮೇಲಂಚಿನ ಮಧ್ಯಬಿಂದುಗಳನ್ನು ಸೇರಿಸಿ, ಎರಡೂ ತುದಿಗಳನ್ನು ಅಡ್ಡ ಅಕ್ಷಕ್ಕೆ ಇಳಿಸಿದರೆ ಆವೃತ್ತಿ ಬಹುಭುಜಾಕೃತಿ ಸಿಗುತ್ತದೆ. ಎರಡು ತಂಡಗಳ ಹಂಚಿಕೆಯನ್ನು ಒಂದೇ ಹಾಳೆಯಲ್ಲಿ ಹೋಲಿಸಲು ಇದು ಸೂಕ್ತ. ಓಜೀವ್ ಎಂಬ ಏರುವ ಗೆರೆಯ ನಕ್ಷೆ ರಚಿಸಲು ಸಂಚಿತ ಆವೃತ್ತಿಗಳು, ಅಂದರೆ ಮೊದಲ ವರ್ಗದಿಂದ ಕೂಡುತ್ತಾ ಬಂದ ಮೊತ್ತಗಳು ಬೇಕು. ಮೇಲಿನ ಉದಾಹರಣೆಯಲ್ಲಿ ಅವು 4, 12, 26, 36, 40. ಇವನ್ನು ವರ್ಗದ ಮಧ್ಯದಲ್ಲಿ ಗುರುತಿಸದೆ, 10, 20, 30, 40, 50 ಎಂಬ ಮೇಲ್ಮಿತಿಗಳ ನೇರಕ್ಕೆ ಗುರುತಿಸಿ, ಸೊನ್ನೆಯಿಂದ ಆರಂಭಿಸಿ ಸೇರಿಸಬೇಕು. ಒಟ್ಟು 40ರ ಅರ್ಧವಾದ 20ರಿಂದ ಅಡ್ಡಗೆರೆ ಎಳೆದು, ಅದು ನಕ್ಷೆಯನ್ನು ಮುಟ್ಟಿದಲ್ಲಿಂದ ಕೆಳಗಿಳಿದರೆ ಸುಮಾರು 25.7 ಸಿಗುತ್ತದೆ. ಅದೇ ಮಧ್ಯಾಂಕ, ಅಂದರೆ ವಿದ್ಯಾರ್ಥಿಗಳನ್ನು ಸರಿಯಾಗಿ ಎರಡು ಪಾಲು ಮಾಡುವ ಅಂಕ.

ಪೈ ಚಾರ್ಟನ್ನು ವಿಲಿಯಂ ಪ್ಲೇಫೇರ್ 1801ರಲ್ಲಿ ಪ್ರಕಟಿಸಿದಂದಿನಿಂದ ಅದರ ಜನಪ್ರಿಯತೆ ತಗ್ಗಿಲ್ಲ, ಆದರೂ ನಾನು ಅದನ್ನು ಮಿತವಾಗಿಯೇ ಬಳಸುತ್ತೇನೆ. ಭಾಗವನ್ನು ಒಟ್ಟಿನಿಂದ ಭಾಗಿಸಿ 360ರಿಂದ ಗುಣಿಸಿದರೆ ಕೋನ ದೊರೆಯುತ್ತದೆ: 240ರಲ್ಲಿ 90ಕ್ಕೆ 135 ಡಿಗ್ರಿ. ಎಲ್ಲ ಭಾಗಗಳೂ ಸೇರಿ ಒಂದು ಪೂರ್ಣವಾಗಬೇಕು. ಒಬ್ಬರೇ ಹಲವು ಉತ್ತರ ಕೊಡಬಹುದಾದ ಸಮೀಕ್ಷೆಗೆ ಇದು ಒಗ್ಗದು. ಕೋನಗಳ ಸಣ್ಣ ವ್ಯತ್ಯಾಸ ಕಣ್ಣಿಗೆ ಸುಲಭವಾಗಿ ತಿಳಿಯದ ಕಾರಣ ನಾಲ್ಕೈದು ಭಾಗಗಳನ್ನು ಮೀರಿದರೆ ಸ್ತಂಭಾಲೇಖವೇ ಮೇಲು.

ಕಾಲಕ್ರಮದ ಏರಿಳಿತಕ್ಕೆ ರೇಖಾ ನಕ್ಷೆ. ಇಲ್ಲಿ ಓದುಗರು ಗಮನಿಸುವುದು ಗೆರೆಯ ಓಟವನ್ನಾದ್ದರಿಂದ ಅಕ್ಷ ಸೊನ್ನೆಯಿಂದಲೇ ಆರಂಭವಾಗಬೇಕಿಲ್ಲ.

ಎರಡು ಅಳತೆಗಳ ನಂಟನ್ನು ನೋಡಬೇಕಾದಾಗ ಪ್ರತಿಯೊಂದು ಜೋಡಿಯನ್ನೂ ಒಂದು ಬಿಂದುವಾಗಿ ಗುರುತಿಸುವ ಚದುರು ನಕ್ಷೆಯನ್ನು ಬಳಸಬೇಕು. ಎರಡು ಅಳತೆಗಳು ಎಷ್ಟರ ಮಟ್ಟಿಗೆ ಸರಳ ರೇಖೆಯಲ್ಲಿ ಜೊತೆಯಾಗಿ ಸಾಗುತ್ತವೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಸಹಸಂಬಂಧದ ಲೆಕ್ಕವೊಂದೇ ಏಕೆ ಸಾಲದು ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೂಂಬ್ 1973ರಲ್ಲಿ 11 ಜೋಡಿಗಳ ನಾಲ್ಕು ದತ್ತಾಂಶಗಳಿಂದ ತೋರಿಸಿದರು. ನಾಲ್ಕರಲ್ಲಿಯೂ ಸರಾಸರಿಗಳು ಸುಮಾರು 9 ಮತ್ತು 7.5, ಸಹಸಂಬಂಧ ಸುಮಾರು 0.82, ಬಿಂದುಗಳನ್ನು ಇಟ್ಟಾಗ ಮಾತ್ರ ಒಂದು ಚದುರಿದ ಸರಳ ರೇಖೆಯಂತೆಯೂ ಇನ್ನೊಂದು ಬಾಗಿದ ಕಮಾನಿನಂತೆಯೂ ಕಾಣುತ್ತದೆ, ಉಳಿದೆರಡರಲ್ಲಿ ಒಂದೊಂದು ಒಂಟಿ ಬಿಂದು ಇಡೀ ಲೆಕ್ಕವನ್ನು ತನ್ನತ್ತ ಎಳೆದಿರುತ್ತದೆ. ಅಂಥ ಬಿಂದು ನಿಮ್ಮ ನಕ್ಷೆಯಲ್ಲಿ ಕಂಡರೆ ಅಳಿಸುವ ಮೊದಲು ಮೂಲ ದಾಖಲೆಯನ್ನು ತೆರೆದು, ಆ ಸಂಖ್ಯೆ ಬರವಣಿಗೆಯ ತಪ್ಪೋ ನಿಜವಾದ ಅಳತೆಯೋ ಎಂದು ಪರಿಶೀಲಿಸಬೇಕು.